ಗುಂಡಿಯ ಉಗುರು

ಪಟವರ್ಧನ ಬಾಯಿಯ ಪೈಠಣಿ, ಸೆರಗಿನ ನವಿಲು.
ಫಾಲ್ ಹಚ್ಚಲು ಕೊಟ್ಟಿದ್ದರು.
ಒಂದೆಳೆ ಕಿತ್ತಿದ್ದಾಳೆ ನಮ್ಮ ಗುಂಡಿ.

ಕಸಬಾ ಪೇಟೆಯ ತಾಮ್ರದ ಸುತ್ತಿಗೆಗಳು
ಊಟಕ್ಕೆ ನಿಂತ ಹೊತ್ತು.
ಪಕ್ಕದ ಮನೆಯ ಬೊಂಬಿಲ್ ತಿಂದು ತೂಕಡಿಸುವವಳನ್ನು
ಮಡಿಲಿಗೆಳೆದುಕೊಂಡೆ, ಕಿಟಕಿಯ ಬೆಳಕಿಗೆ.

ಬೆರಳ ಮೆತ್ತೆ ಮೆಲ್ಲಗೆ ಒತ್ತಿದರೆ
ಒರೆಯಿಂದ ಇಣುಕುತ್ತದೆ ಉಗುರು.
ಬಿಸಿಲಿಗೆ ಹಿಡಿದರೆ
ಬಿಳುಪಿನೊಳಗೊಂದು ಗುಲಾಬಿ ಗೆರೆ.
ಅಲ್ಲಿಂದಾಚೆ ಅವಳು.
ಈಚೆಗಿನ ಕೊಕ್ಕೆಯಷ್ಟೇ ನನ್ನ ಪಾಲಿಗೆ.

ಮೂವತ್ತು ವರ್ಷ
ಸೀಮೆಸುಣ್ಣದ ಗೆರೆ ಮೇಲೇ ಕತ್ತರಿ ಓಡಿಸಿದ ಕೈ
ಈ ಗೆರೆಗೆ ಅಂಜಿ ಒಂದೆರಡು ಕೂದಲೆಳೆ
ದೂರವೇ ನಿಂತಿತು.

ಟಿಕ್. ಕಿವಿ ಹಿಂದಕ್ಕೆ ಹೋಯಿತು.
ಟಿಕ್.
ಹೆಬ್ಬೆರಳಿನದು ಮೇಲೆಲ್ಲೋ ಅಡಗಿರುತ್ತದೆ, ಮರೆಯಬಾರದು.
ಬಟ್ಟಲಲ್ಲಿ ಚಿಟಿಕೆ ಕಾರ್ನ್‌ಫ್ಲೋರ್ ಇದೆ,
ರಕ್ತ ಕಂಡರೆ ಒತ್ತಲು. ಬೇಕಾಗಲಿಲ್ಲ.
ಬಾಲ ನೆಲಕ್ಕೆ ಬಡಿಯಿತು.
ಬಾಲ ಮಾತಾಡಿದ ಮೇಲೆ ನಾನು ಮಾತಾಡಬಾರದು.

ಇವತ್ತಿಗೆ ಒಂದೇ ಕಾಲು.
ಉಳಿದವು ನಾಳೆ, ಇಲ್ಲ ನಾಡಿದ್ದು,
ಅವಳು ಒಪ್ಪಿದ ದಿನ.

ನವಿಲಿನ ಎಳೆಯನ್ನು ಸೂಜಿಯಲ್ಲಿ ಹಿಂದಕ್ಕೆಳೆದೆ.
ಬಾಯಿಗೆ ಗೊತ್ತಾಗುವುದಿಲ್ಲ.
ಆದರೂ ಹೇಳಬೇಕು;
ಐದು ಚೂರು ಹೆಕ್ಕಿ
ಗುಂಡುಸೂಜಿಯ ಡಬ್ಬಿಗೆ ಹಾಕಿಟ್ಟಿದ್ದೇನೆ,
ಸಾಕ್ಷಿಗೆ.