ಹದಿನೆಂಟು ಗ್ರಾಂ

ಬೆಳಿಗ್ಗೆ ಆರಕ್ಕೆ ಇಲಿಗಳನ್ನು ತೂಗುತ್ತೇನೆ.
ಬೊಟುಕಾಟುವಿನಲ್ಲಿ ಆಗಿನ್ನೂ ಮಂಜು.
ಬಾಲ ಹಿಡಿದೆತ್ತಿ ಡಬ್ಬಿಗೆ ಬಿಟ್ಟರೆ
ತಕ್ಕಡಿಯ ಅಂಕಿ ನಡುಗಿ ನಡುಗಿ ನಿಲ್ಲುತ್ತದೆ:
ಇಪ್ಪತ್ತೆರಡು. ಇಪ್ಪತ್ತೊಂದೂವರೆ.
ಹದಿನೆಂಟಕ್ಕಿಳಿದರೆ ಡಾಕ್ಟರ್ ಒಟೀಲಿಯಾಗೆ ಫೋನು ಮಾಡಬೇಕು;
ಅದಕ್ಕಿಂತ ಕೆಳಗೆ ನರಳಲು ಬಿಡಬಾರದೆಂದು ನಿಯಮ.

ಅಪ್ಪನಿಗೆ ಅಂಥ ನಿಯಮ ಇರಲಿಲ್ಲ.

ಕಾಫಿ ಸಾಲಿನ ಕೆಂಪು ಮಣ್ಣು ಅಗೆದವನು,
ಅಗೆದದ್ದರ ಧೂಳು ಕುಡಿದವನು,
ತಾತುವಿನ ಬಿಲಕ್ಕೆ ಹೆಗಲತನಕ ಕೈ ಇಳಿಸಿ
ಆ ಚಿಪ್ಪಿನ ಪ್ರಾಣಿಯನ್ನು
ಭಾನುವಾರದ ಸಾರಿಗೆ ಎಳೆದು ತರುತ್ತಿದ್ದವನು.
ಬಿಲದಲ್ಲೇ ಇದ್ದಿರಬೇಕು ಆ ಬೂಷ್ಟು,
ಬೂದಿಗಿಂತ ಹಗುರ,
ನಾಲಗೆ ಹೊರಳದಷ್ಟು ಉದ್ದ ಹೆಸರು.
ಮೂವತ್ತು ವರ್ಷ ಎದೆಯೊಳಗೆ ಸದ್ದಿಲ್ಲದೆ ಬಾಡಿಗೆಗಿದ್ದು
ಆಮೇಲೆ, ಮನೆ ನನ್ನದು ಎಂದಿತು.

ಅಮ್ಮನೂ ಅದೇ ತೋಟದಲ್ಲಿ, ಪಕ್ಕದ ಸಾಲಿನಲ್ಲಿ ಅಗೆದಳು.
ಅದೇ ಧೂಳು.
ಎಂಬತ್ತೊಂದರಲ್ಲೂ ದಬ್ಬಣದ ಹಾಗೆ ನೆಟ್ಟಗೆ ನಡೆಯುತ್ತಾಳೆ,
ನನ್ನ ಅಡುಗೆಗೆ ಉಪ್ಪು ಸಾಲದು ಎನ್ನುತ್ತಾಳೆ.
ಬೀಡಿ ಸೇದುತ್ತಿದ್ದನಲ್ಲ ಅವನು, ಅಂದಿತು ಊರು.
ದೇವರ ಲೆಕ್ಕ, ಅಂದರು ಪಾದ್ರಿ.

ಇಲ್ಲಿ ಎಡಗಡೆ ಗೂಡುಗಳಲ್ಲಿ ಗಂಡು, ಬಲಗಡೆ ಹೆಣ್ಣು.
ಎಲ್ಲವುಗಳ ಮೂಗಿಗೂ ಬಿಟ್ಟದ್ದು ಒಂದೇ ಹನಿ.
ಆರನೇ ವಾರಕ್ಕೆ ಎಡಗಡೆ
ರೋಮ ನಿಗುರಿ, ಬೆನ್ನು ಗೂನಾಗಿ,
ಒಂದಕ್ಕೊಂದು ಒರಗಿ
ಉಸಿರನ್ನು ಚಿಲ್ಲರೆಯಂತೆ ಎಣಿಸಿ ಖರ್ಚು ಮಾಡುತ್ತವೆ.
ಬಲಗಡೆ ಹತ್ತಿ ಹಿಂಜಿ ಹಿಂಜಿ ಹಾಸಿಗೆ ಮಾಡುತ್ತವೆ.

ಗಾಜಿನ ಮೇಲೆ ಪುಪ್ಪುಸದ ತೆಳು ಪದರ.
ನಡುವೆ ಒಂದು ದುಂಡು ಕೋಶ, ಸುತ್ತಲೂ ಮೊಗ್ಗು,
ಹಡಗು ತಿರುಗಿಸುವ ಚಕ್ರದ ಹಾಗೆ.
ಇಷ್ಟು ಚೆಂದದ್ದೇ ಅವನನ್ನು ತಿಂದದ್ದು?

"ಹೆಣ್ಣಿನ ರಕ್ತದಲ್ಲಿ ಏನೋ ಇದೆ, ಜಾಂಡೀರಾ,
ಈ ರೂಪ ತಾಳಲು ಅದಕ್ಕೆ ಬಿಡುವುದಿಲ್ಲ.
ಹೇಗೆ ಅನ್ನುವುದರಲ್ಲಿ ಅರ್ಧ ಗೊತ್ತು.
ಉಳಿದರ್ಧಕ್ಕೇ ಈ ಇಲಿಗಳು."

ರಾತ್ರಿ ಅಮ್ಮನಿಗೆ ಹೇಳಿದೆ.
ಕಪ್ಪು ಹುರುಳಿ ಆರಿಸುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು.
"ಹಾಗಾದರೆ," ಅಂದಳು ಬಹಳ ಹೊತ್ತಿನ ಮೇಲೆ,
"ಅವನ ಸಾಲನ್ನೂ ನಾನೇ ಅಗೆಯಬಹುದಿತ್ತು."
ಸಿಕ್ಕಿದ ಕಲ್ಲೊಂದನ್ನು ಕಿಟಕಿಯಾಚೆ ಎಸೆದಳು.

ಮಾರನೆಯ ಬೆಳಿಗ್ಗೆ ಎಡಗಡೆಯ ಹನ್ನೊಂದನೆಯದು:
ಹದಿನೆಂಟು.
ಕೈಗವಸಿನೊಳಗಿನ ಬಿಸಿ ಅದಕ್ಕೆ ತಾಕುವಷ್ಟು ಹೊತ್ತು
ಬೊಗಸೆಯಲ್ಲಿ ಇಟ್ಟುಕೊಂಡೆ.
ಆಮೇಲೆ ಪುಸ್ತಕದಲ್ಲಿ ಬರೆದೆ, ಫೋನೆತ್ತಿದೆ.