ತಪ್ಪಿದ ಗುರುವಾರ

ತಿಬಿಲಿಸಿ. ಐದನೇ ಮಹಡಿಯ ಬಾಲ್ಕನಿ.
ಬಣ್ಣದ ಖಾಲಿ ಡಬ್ಬ, ಒಡಕು ಬೋಗುಣಿ,
ಮೊಮ್ಮಗನಿಗೆ ಚಿಕ್ಕದಾದ ಸ್ನಾನದ ಟಬ್ಬು.
ತಳಕ್ಕೆಲ್ಲ ಮೊಳೆ ಹೊಡೆದು ತೂತು ಮಾಡಿದವಳು
ನಾಜಿಬ್ರೋಲಾ.

ಬೀಜವೆಲ್ಲ ಒಂದೇ ದಿನ ಸುರಿದರೆ
ಒಂದು ದಿನ ಹಬ್ಬ, ಆಮೇಲೆ ಉಪವಾಸ.
ಅದಕ್ಕೇ ಗುರುವಾರಕ್ಕೊಂದು ಡಬ್ಬ:
ಒಂದರಲ್ಲಿ ಬರೀ ಒದ್ದೆ ಮಣ್ಣು, ಒಂದರಲ್ಲಿ ಎರಡೆಲೆ,
ಇನ್ನೊಂದರಲ್ಲಿ ಮೂಲಂಗಿಯ ಕೆಂಪು ಭುಜ
ಮೇಲೆದ್ದು ಕಾಯುತ್ತದೆ,
ಕೀಳು ಇವತ್ತೇ, ನಾಳೆ ಬೆಂಡಾಗುತ್ತೇನೆ.

ಏಪ್ರಿಲ್ಲಿನ ಮೂರನೇ ಗುರುವಾರ
ಕುತೈಸಿಯಲ್ಲಿ ಅಕ್ಕ ಲಾಮಾರಾ ತೀರಿಕೊಂಡಳು.
ಬಸ್ಸು, ಶವಪೆಟ್ಟಿಗೆ, ನಲವತ್ತು ಜನಕ್ಕೆ ಊಟ.
ಬೀಜದ ಪೊಟ್ಟಣ
ಕೋಟಿನ ಜೇಬಲ್ಲೇ ಹೋಗಿ ಬಂತು.

ಮರುವಾರ ಮತ್ತೆ ಸರದಿ ಹಿಡಿದಳು.
ಹಿಂದೆ ಬಿತ್ತಿದ್ದು ಬರುತ್ತಲೇ ಇತ್ತು,
ಮರೆತೂಬಿಟ್ಟಳು.

ಮೇ ನಡುವಿನ ಒಂದು ಬೆಳಿಗ್ಗೆ
ಚಾಕು ಹಿಡಿದು ಬಂದವಳು ನಿಂತಳು.
ಇವತ್ತಿನ ಡಬ್ಬದಲ್ಲಿ ಬರೀ ಮಣ್ಣು.
ಅಂದು ಬಿತ್ತದೆ ಬಿಟ್ಟದ್ದು
ಲೆಕ್ಕ ತಪ್ಪದೆ ಇಂದು ಕೊಯ್ಲಿಗೆ ಬಂದಿತ್ತು.

ರೊಟ್ಟಿ, ಚೀಸು, ಚಿಟಿಕೆ ಉಪ್ಪು.
ತಟ್ಟೆಯಲ್ಲಿ ಮೂಲಂಗಿಯ ಜಾಗ ಬಿಟ್ಟು
ಕೂತು ಉಂಡಳು.

ಪಕ್ಕದ ಡಬ್ಬದಲ್ಲಿ
ಎಳೆಯದೊಂದು ಕೆಂಪಾಗುತ್ತಿತ್ತು.
ಅದು ಮುಂದಿನ ವಾರದ್ದು.
ಮುಟ್ಟಲಿಲ್ಲ.