ಒಲ್ಲೆ

ಮಡಗಾಂವಿನಿಂದ ಎರಡು ಬಸ್ಸು ಬದಲಿಸಿ
ತೊಡೆಯ ಮೇಲೆ ಚೀಲ.
ಚೀಲದೊಳಗೆ ಉಸಿರು ಬಿಗಿಹಿಡಿದು ಮಲಗಿದ ಸಂಸಾರ:
ಅಜ್ಜಿ, ನಾಯಿಮರಿ, ಮಾಮ,
ಗಂಡನ ಒಂಟಿ ಕಾಲುಚೀಲದಲ್ಲಿ ಹುಟ್ಟಿದ ಚಿಗಳಿ.
ನುಸ್ತೆಂ? ಎಂದ ಕಂಡಕ್ಟರ್, ಮೀನಿನ ವಾಸನೆಗೆ ಮೂಗು ಚಾಚಿ.
ಅಲ್ಲಪ್ಪ, ಬೊಂಬೆ.

ಜುವಾರಿನಗರ. ಗುಡ್ಡಕ್ಕೆ ಒರಗಿದ ತಗಡುಗಳ ನಡುವೆ
ಕನ್ನಡ ಶಾಲೆ.
ಕೊಪ್ಪಳ, ಗಜೇಂದ್ರಗಡ, ಹುನಗುಂದದಿಂದ
ಇಟ್ಟಿಗೆ ಹೊರಲು ಬಂದವರ ಮಕ್ಕಳು
ಚಾಪೆಯ ಮೇಲೆ, ಮೊಣಕಾಲಿಗೆ ಮೊಣಕಾಲು.
ದಾಬೋಳಿಯಲ್ಲಿಳಿಯುವ ವಿಮಾನಗಳು
ಹೊಟ್ಟೆ ತೋರಿಸುತ್ತ ಸೂರು ಸವರಿ ಹೋಗುತ್ತವೆ.
ಆಗ ಎಲ್ಲರ ಬಾಯಿ ಬಂದ್.
ಅಕ್ಕೋರ ಸೀಮೆಸುಣ್ಣವೂ ಅರ್ಧ ಅಕ್ಷರದಲ್ಲಿ ನಿಂತು
ಸದ್ದು ಅಡಗಿದ ಮೇಲೆ
ಒತ್ತು ಕೊಡುತ್ತದೆ.

ಅಡ್ಡ ಹಾಕಿದ ಮೇಜಿಗೆ ಹಳೆಯ ಇಳಕಲ್ ಸೀರೆಯ ಪರದೆ.
ಮಾಮನಿಗೆ ಹೋದ ವರುಷ ಕೋರೆಹಲ್ಲಿದ್ದವು, ಕೆಂಪು ಕಣ್ಣಿದ್ದವು.
"ಹಂಗ ಇರೂದಿಲ್ರೀ ಅವ್ರ ಮಾರಿ"
ಎಂದಿದ್ದ ಹಿಂದಿನ ಸಾಲಿನ ಹುಡುಗ, ಮೂಗು ಒರೆಸಿಕೊಳ್ಳುತ್ತ.
ಅವತ್ತೇ ರಾತ್ರಿ ಕತ್ತರಿ ತಗೊಂಡು ಹಲ್ಲು ಬಿಚ್ಚಿದೆ.
ಈಗ ಮಾಮ ನಗುತ್ತಾನೆ. ಇಸ್ತ್ರಿ ಅಂಗಿ.
ಯಾರ ಮನೆಗೆ ಹೋದರೂ ಚಹಾ ಸಿಗುತ್ತದೆ ಅವನಿಗೆ.

"ಬಾ ಚಿಗಳಿ, ಪೆಪ್ಪರಮಿಂಟು ಕೊಡ್ತೀನಿ,
ಯಾರಿಗೂ ಹೇಳಬಾರದು."
ಎಡಗೈ ಮಾಮ, ಬಲಗೈ ಚಿಗಳಿ;
ನನ್ನ ಕೈಗೆ ನನ್ನದೇ ಕೈ ಹೆದರುವ ಹೊತ್ತು.
ಏನನ್ನಬೇಕು ಈಗ ಚಿಗಳಿ, ತಿಳೀತಾ?
"ಹೂಂನ್ರೀ ಅಕ್ಕೋರ" ಅಂದವು, ಒಂದೇ ರಾಗ.
ಬೆಳಗಿನಿಂದ ಅದನ್ನೇ ಹೇಳಿ ರೂಢಿ.
ಬೇಡ ಅನ್ನಬೇಕು ಮಕ್ಕಳೇ, ಎಂದೆ ನನ್ನ ಕುಮಟೆಯ ಕನ್ನಡದಲ್ಲಿ.
ಬೇಡ, ಎಂದವು, ಮಗ್ಗಿ ಒಪ್ಪಿಸಿದ ಹಾಗೆ.

ಹುಲಿಗೆವ್ವ ಎದ್ದಳು. ಎರಡನೇ ಇಯತ್ತೆ, ಒಂದೇ ಕಿವಿಗೆ ಓಲೆ.
"ಬ್ಯಾಡ ಅಂದ್ರ ರೊಟ್ಟಿ ಬ್ಯಾಡ, ಸಾರು ಬ್ಯಾಡ ಅಂದಂಗ ಆಗ್ತೈತ್ರೀ.
ಇದಕ್ಕ ಒಲ್ಲೆ ಅನಬೇಕ್ರೀ."

ಒಲ್ಲೆ.
ಬೇಡದಲ್ಲಿ ಬೇಡವಾದದ್ದು ಮಾತ್ರ ಇದೆ.
ಒಲ್ಲೆಯಲ್ಲಿ ನಾನು ಇದ್ದೇನೆ, ಕೊನೆಯ ಎತ್ವದಲ್ಲಿ,
ಸಣ್ಣಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು.
ಒಲವಿನ ಬೇರಿಗೇ ಮೂಡಿದ ಮುಳ್ಳು.
ಒಲ್ಲೆ ಎಂದಳು ಚಿಗಳಿ. ನಾಯಿಮರಿಯೂ.
ಕೇಳದಿದ್ದರೂ ಅಜ್ಜಿಯೂ.
ನಲವತ್ತು ಗಂಟಲು ತಗಡು ನಡುಗಿಸಿ
ಮಾಮ ಮೇಜಿನ ಹಿಂದೆ ಬಿದ್ದ.
ಏನಿದು ಗದ್ದಲ ಎಂದು ಇಣುಕಿದರು ಪಕ್ಕದ ವರ್ಗದ ಮಾಸ್ತರರು.

ಆಮೇಲೆ ಗುಟ್ಟಿನ ಸರದಿ.
ಯಾರು ಏನು ಬೇಕಾದರೂ ಹೇಳಬಹುದು ಚಿಗಳಿಯ ಕಿವಿಯಲ್ಲಿ.
ನಿಜಕ್ಕೆ ಅವಳಿಗೆ ಕಿವಿಯಿಲ್ಲ. ಅಂಗಿಗುಂಡಿಯ ಕಣ್ಣೆರಡು,
ಕಿವಿ ಇರಬೇಕಾದಲ್ಲಿ ನನ್ನ ಹೆಬ್ಬೆರಳ ಗೆಣ್ಣು.
ನಮ್ಮ ಆಡು ಎರಡು ಮರಿ ಹಾಕೇತಿ, ಎಂದನೊಬ್ಬ.
ನನಗ ಹಸಿವ್ಯಾಗೇತಿ, ಎಂದಳೊಬ್ಬಳು.
ಹುಲಿಗೆವ್ವ ಕೊನೆಗೆ. ಸರದಿ ಬಂದರೂ
ಸುಮ್ಮನೆ ಸೂರು ನೋಡುತ್ತ ನಿಂತಳು.
ದೂರದಲ್ಲಿ ಗುಡುಗು. ಹತ್ತಿರವಾಯಿತು. ತಲೆಯ ಮೇಲೇ ಬಂತು.
ಆಗ ತಂದಳು ತುಟಿ.
ಗೆಣ್ಣಿಗೆ ಬಿಸಿಯುಸಿರು ತಾಗಿತು, ತಡೆತಡೆದು, ಬಹಳ ಹೊತ್ತು.
ನನ್ನ ಕಿವಿಗೆ ಒಂದಕ್ಷರವೂ ಇಲ್ಲ.

ಚಿಗಳಿ ತಲೆಯಾಡಿಸಿದಳು. ನಾ ನಿನ್ನ ನಂಬತೀನಿ, ಎಂದಳು.
ಇನ್ನೊಮ್ಮೆ ಹೇಳ್ತೀಯಾ, ಈ ಅಕ್ಕನಿಗೂ ಕೇಳುವ ಹಾಗೆ?
ನನ್ನನ್ನಲ್ಲ, ಗುಂಡಿಯ ಕಣ್ಣನ್ನೇ ನೋಡಿ ಹುಡುಗಿ:
"ಹೇಳತೀನಿ. ಇನ್ನೊಂದು ವಿಮಾನ ಬರಲಿ."

ಗಂಟೆ ಹೊಡೆದಿದೆ. ಹೊರಗೆ ಪಾವು ಭಾಜಿಯ ವಾಸನೆ,
ಉದ್ದುದ್ದ ಸಾಲು.
ಅಕ್ಕೋರು ಬಾಗಿಲು ಅರ್ಧ ಮುಂದೆ ಮಾಡಿ
ಒಳಗೇ ಉಳಿದರು, ಬೆನ್ನು ಹಾಕಿ, ಫಲಕ ಒರೆಸುವವರ ಹಾಗೆ.
ಕಾಲುಚೀಲದೊಳಗೆ ಕೈ ಬೆವರುತ್ತಿದೆ. ತೆಗೆದಿಲ್ಲ.
ಈ ಸಲ ಬಾಗಿ
ನನ್ನ ಕಿವಿಯನ್ನೂ ಗೆಣ್ಣಿನ ಪಕ್ಕಕ್ಕೇ ತಂದಿಟ್ಟು
ಮೂವರೂ ಚಾಪೆಯ ಮೇಲೆ
ಆಕಾಶ ಕಾಯುತ್ತಿದ್ದೇವೆ.